ಆನೆ ಕೊಂಡವರ ಕೈಯಲ್ಲಿ ಅಂಕುಶವಿಲ್ಲ

ಯುರೋಪಿನ ಸರ್ಕಾರಗಳು ತಮ್ಮ ಹಳೆಯ ಯುದ್ಧವಿಮಾನಗಳನ್ನು ಬದಿಗಿಟ್ಟು ಹೊಸವನ್ನು ಆರಿಸುವ ಕೆಲಸದಲ್ಲಿ ತೊಡಗಿವೆ. ಕೆಲವು ದೇಶಗಳು ಆರಿಸಿ ಮುಗಿಸಿವೆ. ಕೆಲವು ಇನ್ನೂ ತೂಗಿ ನೋಡುತ್ತಿವೆ. ಮತ್ತೆ ಕೆಲವು ಆರಿಸಿದ್ದಕ್ಕಾಗಿ ಕೈ ಕೈ ಹಿಸುಕಿಕೊಳ್ಳುತ್ತಿವೆ. ಒಂದು ಸಲ ಆರಿಸಿದ ವಿಮಾನ ಮೂವತ್ತು ನಲವತ್ತು ವರ್ಷ ಆ ದೇಶದ ಬೊಕ್ಕಸಕ್ಕೆ ಅಂಟಿಕೊಂಡಿರುತ್ತದೆ. ಇಂದು ಶಾಲೆಗೆ ಹೋಗುವ ಹುಡುಗ ಮೊಮ್ಮಕ್ಕಳನ್ನು ಕಾಣುವ ಹೊತ್ತಿಗೂ ಅದರ ಲೆಕ್ಕ ಚುಕ್ತಾ ಆಗಿರುವುದಿಲ್ಲ. ಇಷ್ಟು ದೊಡ್ಡ ಪತ್ರಕ್ಕೆ ರುಜು ಹಾಕುವವರು ಯಾರು, ಹಣ ತೆರುವವರು ಯಾರು ಎಂಬ ಪ್ರಶ್ನೆಯನ್ನು ಈ ವಾರ ನಮ್ಮ ಓದುಗರ ಮುಂದಿಡುತ್ತೇವೆ.

ಗಿರಣಿಯಲ್ಲಿ ದುಡಿಯುವವರಿಗೂ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವರಿಗೂ ಯುರೋಪಿನ ವಿಮಾನದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಈ ವ್ಯಾಪಾರದ ಒಳಗುಟ್ಟು ನಮ್ಮ ಓದುಗರಿಗೆ ಹೊಸದಲ್ಲ. ಯಂತ್ರ ಕೊಂಡವರಿಗೆಲ್ಲ ಗೊತ್ತು: ಬೆಲೆ ಎಣಿಸಿಕೊಟ್ಟ ದಿನ ಖರ್ಚು ಮುಗಿಯುವುದಿಲ್ಲ, ಅಂದು ಶುರುವಾಗುತ್ತದೆ. ಬಿಡಿಭಾಗ ಒಬ್ಬನ ಹತ್ತಿರ ಮಾತ್ರ ಸಿಗುವುದಾದರೆ ಅವನು ಹೇಳಿದ್ದೇ ಬೆಲೆ. ಅವನ ಮನಸ್ಸು ಕೆಟ್ಟರೆ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಅಂಗಡಿಯ ಮಟ್ಟದಲ್ಲಿ ನಿಜವಾದ ಈ ಮಾತು ರಾಜ್ಯಗಳ ಮಟ್ಟದಲ್ಲಿಯೂ ನಿಜವೇ. ಸೊನ್ನೆಗಳು ಹೆಚ್ಚು, ಅಷ್ಟೇ.

ಮೊದಲು ಈ ಸಂತೆಯಲ್ಲಿ ಏನೇನಿದೆ ನೋಡೋಣ. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಎಫ್-35 ಇದೆ. ಫ್ರಾನ್ಸಿನ ಡಸಾಲ್ಟ್ ಕಂಪನಿಯ ರಫೇಲ್ ಇದೆ. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಈ ನಾಲ್ವರು ಕೂಡಿ ಕಟ್ಟಿದ ಯುರೋಫೈಟರ್ ಇದೆ. ಸ್ವೀಡನ್ನಿನ ಗ್ರಿಪೆನ್ ಇದೆ. ಇವಲ್ಲದೆ ಮುಂದಿನ ತಲೆಮಾರಿಗೆಂದು ಯೋಚಿಸಿದ ಎರಡು ವಿಮಾನಗಳಿವೆ. ಅವು ಇನ್ನೂ ನಕ್ಷೆಯಿಂದ ಪೂರ್ತಿ ಎದ್ದು ಬಂದಿಲ್ಲ. ವ್ಯಾಪಾರ ಹೆಚ್ಚು ಕುದುರಿದ್ದು ಅಮೆರಿಕದ ವಿಮಾನಕ್ಕೆ. ನಾರ್ವೆ 52, ಫಿನ್ಲೆಂಡ್ 64, ಬೆಲ್ಜಿಯಂ 34, ಪೋಲೆಂಡ್ 32, ಜರ್ಮನಿ 35 ಎಂದು ಒಬ್ಬರಾದ ಮೇಲೊಬ್ಬರು ಕರಾರು ಮಾಡಿಕೊಂಡರು.

ಇದು ಇಂದು ಹುಟ್ಟಿದ ನಂಟಲ್ಲ. 1975ರಲ್ಲಿ ಬೆಲ್ಜಿಯಂ, ಹಾಲೆಂಡ್, ಡೆನ್ಮಾರ್ಕ್, ನಾರ್ವೆ ಈ ನಾಲ್ಕು ದೇಶಗಳು ಕೂಡಿ ಅಮೆರಿಕದ ಎಫ್-16 ವಿಮಾನಗಳನ್ನು ಆರಿಸಿದವು. ಮೊದಲ ಕಂತಿನಲ್ಲೇ 348. ‘ಶತಮಾನದ ವ್ಯಾಪಾರ’ ಎಂದು ಅದನ್ನು ಆಗಿನ ಪತ್ರಿಕೆಗಳು ಕರೆದವು. ಫ್ರಾನ್ಸಿನ ಮಿರಾಜ್, ಸ್ವೀಡನ್ನಿನ ವಿಗೆನ್ ಎರಡೂ ಸೋತವು. ಆದರೂ ಒಂದು ಮಾತು ಒಪ್ಪಬೇಕು: ಅಂದು ನಾಲ್ವರು ಒಟ್ಟಾಗಿ ಚೌಕಾಸಿ ಮಾಡಿದ್ದರಿಂದ ಬೆಲ್ಜಿಯಂ ಮತ್ತು ಹಾಲೆಂಡಿನ ಕಾರ್ಖಾನೆಗಳಲ್ಲಿ ವಿಮಾನ ಜೋಡಿಸುವ ಕೆಲಸವಾದರೂ ದಕ್ಕಿತು. ಮರುವರ್ಷವೇ, 1976ರಲ್ಲಿ, ಈ ವ್ಯಾಪಾರಗಳ ಹಿಂದಿನ ಕೊಳಕೂ ಹೊರಬಿತ್ತು. ಹಾಲೆಂಡಿನ ರಾಣಿಯ ಪತಿ ರಾಜಕುಮಾರ ಬರ್ನ್‌ಹಾರ್ಡ್ ಲಾಕ್‌ಹೀಡ್ ಕಂಪನಿಯಿಂದ 11 ಲಕ್ಷ ಡಾಲರ್ ಪಡೆದ ವಿಚಾರದ ಮೇಲೆ ಸರ್ಕಾರ ತನಿಖೆ ನಡೆಸಿತು. ಆತ ಸೈನ್ಯದ ಹುದ್ದೆಗಳನ್ನು ಬಿಡಬೇಕಾಯಿತು. ಹಣ ಪಡೆದದ್ದು ನಿಜವೆಂದು ಆತ ಒಪ್ಪಿದ ಸಂದರ್ಶನ ಅಚ್ಚಾದದ್ದು 2004ರಲ್ಲಿ, ಆತ ತೀರಿಕೊಂಡ ಮೇಲೆ. ವಿಮಾನದ ವ್ಯಾಪಾರದಲ್ಲಿ ಕದ ಮುಚ್ಚಿ ಮಾತಾಡುವುದು ಬರಿಯ ಸೈನ್ಯದ ಗುಟ್ಟಿಗಾಗಿ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ದೇಶಗಳಲ್ಲಿ ವಿಮಾನ ಬೇಕೇ ಬೇಡವೇ ಎಂದು ಜನರನ್ನೇ ನೇರವಾಗಿ ಕೇಳಿದ ದೇಶವೊಂದಿದೆ, ಅದು ಸ್ವಿಟ್ಜರ್ಲೆಂಡ್. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. 2014ರ ಮೇ ತಿಂಗಳಲ್ಲಿ 22 ಗ್ರಿಪೆನ್ ವಿಮಾನಗಳನ್ನು ಕೊಳ್ಳಲು ಸುಮಾರು 312 ಕೋಟಿ ಫ್ರಾಂಕುಗಳ ನಿಧಿಯನ್ನು ಸರ್ಕಾರ ಜನಮತಕ್ಕೆ ಇಟ್ಟಿತು. ಯಾವ ವಿಮಾನ, ಎಷ್ಟು, ಯಾರಿಂದ ಎಂಬುದೆಲ್ಲ ಜನರಿಗೆ ಗೊತ್ತಿತ್ತು. ನೂರಕ್ಕೆ 53ಕ್ಕಿಂತ ಹೆಚ್ಚು ಮಂದಿ ಬೇಡವೆಂದರು. ಸರ್ಕಾರ ತಲೆಬಾಗಿತು. ಆರು ವರ್ಷ ಕಳೆದು 2020ರ ಸೆಪ್ಟೆಂಬರಿನಲ್ಲಿ ಮತ್ತೆ ಜನರ ಮುಂದೆ ಬಂದಿತು. ಈ ಸಲ ವಿಮಾನದ ಹೆಸರಿರಲಿಲ್ಲ. ನಾಲ್ಕು ಬಗೆಯ ವಿಮಾನಗಳು ಪರೀಕ್ಷೆಯಲ್ಲಿವೆ. ಮೊದಲು 600 ಕೋಟಿ ಫ್ರಾಂಕ್‌ವರೆಗಿನ ಹಣಕ್ಕೆ ಒಪ್ಪಿಗೆ ಕೊಡಿ, ಯಾವುದನ್ನು ಕೊಳ್ಳಬೇಕೆಂದು ಆಮೇಲೆ ನಾವು ನೋಡಿಕೊಳ್ಳುತ್ತೇವೆ ಎಂದಿತು. ನೂರಕ್ಕೆ 50.1 ಮಂದಿ ಹೂಂ ಎಂದರು. ಇಡೀ ದೇಶದಲ್ಲಿ ಅಂತರ ಒಂಬತ್ತು ಸಾವಿರ ಮತಗಳನ್ನೂ ಮುಟ್ಟಲಿಲ್ಲ. ಹೆಸರು ಹೇಳಿ ಕೇಳಿದಾಗ ಬೇಡವೆಂದ ಜನರಿಂದ ಹೆಸರು ಹೇಳದೆ ಒಪ್ಪಿಗೆ ಪಡೆದದ್ದಾಯಿತು.

2021ರ ಜೂನ್ ಕೊನೆಯ ದಿನ ಹೆಸರು ಹೊರಬಿತ್ತು: ಎಫ್-35, ಸಂಖ್ಯೆ 36. ಇದೇ ಎಲ್ಲಕ್ಕಿಂತ ಅಗ್ಗ. ಮೂವತ್ತು ವರ್ಷಗಳ ಖರ್ಚೆಲ್ಲ ಸೇರಿ 1,550 ಕೋಟಿ ಫ್ರಾಂಕ್ ಆಗುತ್ತದೆ. ಎರಡನೆಯ ಸ್ಥಾನದ ವಿಮಾನಕ್ಕಿಂತ ಸುಮಾರು 200 ಕೋಟಿ ಕಡಿಮೆ ಎಂದು ಸರ್ಕಾರ ಹೇಳಿತು. ಅಲ್ಲಿನ ಸಮಾಜವಾದಿಗಳು, ಹಸಿರು ಪಕ್ಷದವರು, ಸೈನ್ಯವೇ ಬೇಡವೆನ್ನುವ ಗುಂಪಿನವರು ಕೂಡಿ ಮನೆಮನೆ ಸುತ್ತಿ ಒಂದು ಲಕ್ಷಕ್ಕೂ ಮಿಕ್ಕಿ ರುಜು ಕೂಡಿಸಿದರು. ಈ ವಿಮಾನದ ಮೇಲೆಯೇ ಜನಮತ ಆಗಲಿ ಎಂದು 2022ರ ಆಗಸ್ಟಿನಲ್ಲಿ ಅರ್ಜಿ ಒಪ್ಪಿಸಿದರು. ಮರುತಿಂಗಳೇ ಪಾರ್ಲಿಮೆಂಟಿನ ಒಪ್ಪಿಗೆ ಮುಗಿಸಿ, ಸೆಪ್ಟೆಂಬರ್ 19ರಂದು ಸರ್ಕಾರ ಕರಾರಿಗೆ ಸಹಿ ಹಾಕಿಬಿಟ್ಟಿತು. ಅಮೆರಿಕ ಕೊಟ್ಟ ಬೆಲೆಯ ಗಡುವು 2023ರ ಮಾರ್ಚಿಗೆ ಮುಗಿಯುತ್ತದೆ, ಕಾಯಲಾಗದು ಎಂಬುದು ಸರ್ಕಾರ ಕೊಟ್ಟ ಕಾರಣ. ಮಾರುವವನ ಗಡುವಿಗೆ ಬೆಲೆ ಬಂತು, ಒಂದು ಲಕ್ಷ ಜನರ ರುಜುವಿಗೆ ಬರಲಿಲ್ಲ. ಹಣ ಕಟ್ಟಿದ ಮೇಲೆ ಮತ ಹಾಕಿ ಏನು ಫಲ? ಅರ್ಜಿ ಹಾಕಿದವರು ಅದನ್ನು ಹಿಂದಕ್ಕೆ ಪಡೆದರು.

ಮುಂದಿನದು ಕೇಳತಕ್ಕದ್ದು. ಬೆಲೆ ಸ್ಥಿರ, ಒಂದು ಕಾಸೂ ಏರದು ಎಂದು ಸ್ವಿಸ್ ಮಂತ್ರಿಗಳು ಹಲವು ಸಲ ಜನರಿಗೆ ಭರವಸೆ ಕೊಟ್ಟಿದ್ದರು. 2025ರ ಜೂನಿನಲ್ಲಿ ಅಮೆರಿಕದವರು, ಸ್ಥಿರ ಬೆಲೆ ಎಂಬುದು ನಿಮ್ಮ ತಪ್ಪು ತಿಳುವಳಿಕೆ, ಇನ್ನೂ 65 ಕೋಟಿಯಿಂದ 130 ಕೋಟಿ ಡಾಲರಿನವರೆಗೆ ಕೊಡಬೇಕಾದೀತು ಎಂದರು. ಈ ವ್ಯಾಪಾರದ ಪದ್ಧತಿಯೇ ಹಾಗೆ: ಅಮೆರಿಕದ ಸರ್ಕಾರ ಮಧ್ಯೆ ನಿಂತು ಮಾರುತ್ತದೆ, ತಾನು ನಷ್ಟ ಹೊರುವುದಿಲ್ಲ, ಕಾರ್ಖಾನೆಯ ಖರ್ಚು ಏರಿದಷ್ಟನ್ನೂ ಕೊಳ್ಳುವವನ ಲೆಕ್ಕಕ್ಕೆ ಬರೆಯುತ್ತದೆ. ಆಗಸ್ಟಿನಲ್ಲಿ ಅದೇ ಅಮೆರಿಕ ಸ್ವಿಟ್ಜರ್ಲೆಂಡಿನ ಸರಕಿನ ಮೇಲೆ ನೂರಕ್ಕೆ 39ರಷ್ಟು ಸುಂಕ ಹೇರಿತು. ನವೆಂಬರಿನ ಮಾತುಕತೆಯ ನಂತರವಷ್ಟೇ ಅದು 15ಕ್ಕೆ ಇಳಿಯುವಂತಾಯಿತು. ಕೊನೆಗೆ ಡಿಸೆಂಬರಿನಲ್ಲಿ ಸ್ವಿಸ್ ಸರ್ಕಾರ, ಜನ ಒಪ್ಪಿದ ಹಣದಲ್ಲಿ 36 ವಿಮಾನ ಬರಲಾರದು, ಎಷ್ಟು ಬರುತ್ತದೋ ಅಷ್ಟನ್ನು ಕೊಳ್ಳುತ್ತೇವೆ ಎಂಬ ನಿರ್ಧಾರಕ್ಕೆ ಬಂತು. ಅಂಗಡಿಗೆ ಹೋಗಿ ಹಣ ಮೊದಲೇ ಕೊಟ್ಟು, ಆಮೇಲೆ ಎಷ್ಟು ಸೇರು ಅಕ್ಕಿ ಕೊಡುತ್ತೀ ಎಂದು ಕೇಳಿದ ಗಿರಾಕಿಯ ಪಾಡು ಇದು. ಗಡಿಯಾರದ ಮುಳ್ಳಿನಷ್ಟು ಕರಾರುವಾಕ್ಕು ಎಂದು ಹೆಸರಾದ ದೇಶಕ್ಕೇ ಈ ಗತಿಯಾದರೆ ಉಳಿದವರ ಮಾತೇನು?

ಬೆಲೆಯ ಮಾತು ಹೀಗಾದರೆ ಹಿಡಿತದ ಮಾತು ಇದಕ್ಕಿಂತ ಗಂಭೀರ. ಅಮೆರಿಕದ ಲೆಕ್ಕ ತಪಾಸಣಾ ಕಚೇರಿಯೇ 2024ರಲ್ಲಿ ಅಂದಾಜು ಮಾಡಿದಂತೆ, ಅಮೆರಿಕ ತನಗಾಗಿ ಮಾಡಿಸುವ ಎಫ್-35ಗಳ ಒಟ್ಟು ಖರ್ಚು ಎರಡು ಲಕ್ಷ ಕೋಟಿ ಡಾಲರನ್ನು ದಾಟುತ್ತದೆ. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಕೊಂಡ ನಂತರ ಹಾರಿಸುವುದಕ್ಕೆ, ರಿಪೇರಿಗೆ, ಬಿಡಿಭಾಗಕ್ಕೆ. ಈ ವಿಮಾನ ಹಾರುವ ಯಂತ್ರ ಎಷ್ಟೋ ಹಾರುವ ಗಣಕಯಂತ್ರವೂ ಅಷ್ಟೇ. ಅದರ ಸಾಫ್ಟ್‌ವೇರ್, ಶತ್ರುವಿನ ರೇಡಾರನ್ನು ಗುರುತಿಸುವ ಮಾಹಿತಿ, ಬಿಡಿಭಾಗಗಳ ಸರಬರಾಜು ಎಲ್ಲಕ್ಕೂ ಅಮೆರಿಕದ ಕಡೆ ನೋಡುತ್ತಿರಬೇಕು. 2025ರ ಮಾರ್ಚಿನಲ್ಲಿ ಅಮೆರಿಕ ಯುಕ್ರೇನಿಗೆ ಕೊಡುತ್ತಿದ್ದ ಆಯುಧವನ್ನೂ ಗುಪ್ತ ಮಾಹಿತಿಯನ್ನೂ ಕೆಲವು ದಿನ ನಿಲ್ಲಿಸಿದಾಗ ಯುರೋಪಿಗೆಲ್ಲ ಬೆವರೊಡೆಯಿತು. ದೂರದಿಂದಲೇ ವಿಮಾನವನ್ನು ನಿಲ್ಲಿಸುವ ಗುಟ್ಟಿನ ಗುಂಡಿ ಇದೆಯಂತೆ ಎಂಬ ಗುಲ್ಲೂ ಎದ್ದಿತು. ಅಂಥದ್ದೇನೂ ಇಲ್ಲವೆಂದು ಅಮೆರಿಕವೂ ಕೊಂಡ ದೇಶಗಳೂ ಹೇಳಿದವು. ಇಲ್ಲವೆಂದೇ ನಾವೂ ಇಟ್ಟುಕೊಳ್ಳೋಣ. ಬಿಡಿಭಾಗ ಕಳಿಸದೆ ಕೂತರೆ ಸಾಕಾಗಿರುವಾಗ ಗುಂಡಿಯ ಅಗತ್ಯವಾದರೂ ಏನು? ಡೆನ್ಮಾರ್ಕಿನ ಪಾರ್ಲಿಮೆಂಟಿನ ರಕ್ಷಣಾ ಸಮಿತಿಯ ಅಧ್ಯಕ್ಷರು ಈ ವಿಮಾನಕ್ಕೆ ಒಪ್ಪಿಗೆ ಕೊಟ್ಟದ್ದಕ್ಕಾಗಿ ಆಗ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಅವರ ದೇಶದ ಗ್ರೀನ್‌ಲ್ಯಾಂಡ್ ತನಗೆ ಬೇಕೆಂದು ಕೇಳುತ್ತಿದ್ದವನೇ ವಿಮಾನ ಮಾರಿದವನು. ಆದರೂ ಅದೇ ವರ್ಷ ಅಕ್ಟೋಬರಿನಲ್ಲಿ ಡೆನ್ಮಾರ್ಕ್ ಇನ್ನೂ 16 ಎಫ್-35 ಕೊಳ್ಳುವುದಾಗಿ ಸಾರಿತು. ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಆನೆ ಮಾರಿದವನು ಅಂಕುಶವನ್ನು ತನ್ನಲ್ಲೇ ಇಟ್ಟುಕೊಂಡಿದ್ದಾನೆ. ಜಗಳವಾಡುವ ಧೈರ್ಯ ಕೊಂಡವನಿಗಿಲ್ಲ.

ಹಾಗಾದರೆ ಯುರೋಪಿನವರು ತಮ್ಮ ವಿಮಾನವನ್ನು ತಾವೇ ಮಾಡಿಕೊಳ್ಳಬಾರದೇ? ಆ ಪ್ರಯತ್ನವೂ ನಡೆದಿದೆ. 2017ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಕೂಡಿ ಹೊಸ ವಿಮಾನ ಕಟ್ಟುವುದಾಗಿ ಸಾರಿದವು. 2019ರಲ್ಲಿ ಸ್ಪೇನ್ ಸೇರಿತು. 2040ರ ಸುಮಾರಿಗೆ ರಫೇಲ್ ಮತ್ತು ಯುರೋಫೈಟರುಗಳ ಜಾಗಕ್ಕೆ ಅದು ಬರಬೇಕು. ಒಟ್ಟು ಖರ್ಚು ಸುಮಾರು 10,000 ಕೋಟಿ ಯೂರೋ ಎಂಬ ಅಂದಾಜು ಬಹಳ ಕಡೆ ಕೇಳಿಬಂತು. ಹಣ ಮೂರು ದೇಶಗಳ ಜನರದು. ಜಗಳ ಎರಡು ಕಂಪನಿಗಳದು. ವಿಮಾನದ ಮುಖ್ಯ ಕೆಲಸ ತನ್ನ ಮುಂದಾಳತ್ವದಲ್ಲೇ ನಡೆಯಬೇಕೆಂದು ಡಸಾಲ್ಟ್, ಸಮಪಾಲು ಬೇಕೆಂದು ಏರ್‌ಬಸ್. 2025ರಲ್ಲಿ ಈ ತಕರಾರು ಎಷ್ಟು ಬಿಗಡಾಯಿಸಿತೆಂದರೆ ವರ್ಷದ ಕೊನೆಗೆ ಆಗಬೇಕಾಗಿದ್ದ ತೀರ್ಮಾನ ಮುಂದಕ್ಕೆ ಹೋಯಿತು. ಇದು ಹಳೆಯ ನಾಟಕದ ಎರಡನೆಯ ಪ್ರಯೋಗ. 1985ರಲ್ಲಿಯೂ ಇಂಥದೇ ಮೇಲಾಟದಿಂದ ಫ್ರಾನ್ಸ್ ಜಂಟಿ ಯೋಜನೆಯನ್ನು ಬಿಟ್ಟು ರಫೇಲನ್ನು ಕಟ್ಟಿತು, ಉಳಿದವರು ಯುರೋಫೈಟರನ್ನು ಕಟ್ಟಿದರು. ಒಂದೇ ಕೆಲಸಕ್ಕೆ ಎರಡು ಸಲ ಹಣ ತೆತ್ತವರು ಯುರೋಪಿನ ತೆರಿಗೆದಾರರು.

ಇನ್ನೊಂದು ಕಡೆ ಬ್ರಿಟನ್, ಇಟಲಿ, ಜಪಾನ್ ಈ ಮೂವರು 2022ರ ಡಿಸೆಂಬರಿನಲ್ಲಿ ಬೇರೊಂದು ಯೋಜನೆ ಹೂಡಿದರು. 2025ರ ಜೂನಿನಲ್ಲಿ ‘ಎಡ್ಜ್‌ವಿಂಗ್’ ಎಂಬ ಜಂಟಿ ಕಂಪನಿಯ ಹೆಸರು ಹೊರಬಂತು, ಮೂವರಿಗೂ ಸಮಪಾಲು, 2035ಕ್ಕೆ ವಿಮಾನ ಹಾರಬೇಕೆಂದು ಗುರಿ. ಪಾಲಿನ ಜಗಳ ಮೊದಲೇ ಬಗೆಹರಿಸಿಕೊಂಡದ್ದು ಇವರ ಜಾಣತನ. ಆದರೆ ಯುರೋಪು ಒಂದೇ ಎಂದು ವೇದಿಕೆಯ ಮೇಲೆ ಹೇಳುವವರು ಇಲ್ಲಿಯೂ ಎರಡು ಒಲೆ ಹೂಡಿದರು. ಎರಡೂ ಒಲೆಯ ಅಡಿಗೆ ಬೇಯುವವರೆಗೆ ಹಸಿವು ತಡೆಯದವರು ಅಮೆರಿಕದ ಅಂಗಡಿಗೇ ಹೋದರು. ಜರ್ಮನಿಗೆ ಇನ್ನೊಂದು ಕಟ್ಟುಪಾಡೂ ಇದೆ: ತನ್ನ ನೆಲದಲ್ಲಿರುವ ಅಮೆರಿಕದ ಅಣುಬಾಂಬನ್ನು ಹೊರುವ ಹಳೆಯ ಟೊರ್ನಾಡೋ ವಿಮಾನಗಳಿಗೆ ಬದಲಾಗಿ ಅದು ಎಫ್-35 ಕೊಳ್ಳಬೇಕಾಯಿತು. ಬಾಂಬು ಅವರದು, ವಿಮಾನವೂ ಅವರದು. ಹಾರಿಸುವ ಹುಡುಗ ಮಾತ್ರ ಜರ್ಮನಿಯವನು.

ಸ್ವೀಡನ್ನಿನ ಗ್ರಿಪೆನ್ನನ್ನು ಕೊಂಡರೆ ಬಿಡುಗಡೆ ಎಂದು ಹೇಳುವವರಿದ್ದಾರೆ. ಆದರೆ ಹೊಸ ಗ್ರಿಪೆನ್ನಿನ ಹೊಟ್ಟೆಯಲ್ಲಿರುವುದೂ ಅಮೆರಿಕದ ಎಂಜಿನ್ನೇ. ಮೈ ನಿನ್ನದು, ಎದೆ ನನ್ನದು ಎಂಬ ಈ ಪಾಡು ನಮ್ಮ ಬೆಂಗಳೂರಿಗೆ ಚೆನ್ನಾಗಿ ಗೊತ್ತು. ಜರ್ಮನಿಯ ಹೆಸರಾಂತ ವಿಮಾನ ತಜ್ಞ ಕುರ್ಟ್ ಟ್ಯಾಂಕ್ ನಮ್ಮ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಕೂತು ರೂಪಿಸಿದ ಎಚ್.ಎಫ್.-24 ಮಾರುತ 1961ರಲ್ಲಿ ಹಾರಿತು. ಮೈಕಟ್ಟು ಸೊಗಸಾಗಿತ್ತು, ತಕ್ಕ ಎಂಜಿನ್ ಸಿಗಲಿಲ್ಲ, ನಿರೀಕ್ಷಿಸಿದ ವೇಗ ಅದಕ್ಕೆ ಕೊನೆಯವರೆಗೂ ಬರಲಿಲ್ಲ. ಅರವತ್ತು ವರ್ಷ ಕಳೆದು, ತೇಜಸ್ ವಿಮಾನಕ್ಕೆಂದು 2021ರಲ್ಲಿ ಅಮೆರಿಕದ ಕಂಪನಿಯಿಂದ 99 ಎಂಜಿನ್ ಕೇಳಿದರೆ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ರಫೇಲ್ ವಿಷಯದಲ್ಲಿಯೂ ಅಷ್ಟೆ. ಹಿಂದಿನ ಯೋಜನೆಯಂತೆ 126ರಲ್ಲಿ 108 ವಿಮಾನ ನಮ್ಮ ಎಚ್.ಎ.ಎಲ್.ನಲ್ಲಿ ತಯಾರಾಗಬೇಕಿತ್ತು, 2015ರಲ್ಲಿ ಅದನ್ನು ಕೈಬಿಟ್ಟು 36ನ್ನು ಫ್ರಾನ್ಸಿನಿಂದಲೇ ಸಿದ್ಧವಾಗಿ ತರುವುದೆಂದಾಯಿತು. ಮಹಾಲೇಖಪಾಲರ 2019ರ ವರದಿ ಪಾರ್ಲಿಮೆಂಟಿಗೆ ಬಂದಾಗ ಬೆಲೆಯ ಅಂಕಿಗಳನ್ನು ಮರೆಮಾಡಲಾಗಿತ್ತು. ಆದುದರಿಂದ ಸ್ವಿಟ್ಜರ್ಲೆಂಡಿನವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಅವರಿಗೆ ಬೆಲೆಯನ್ನು ತಪ್ಪಾಗಿ ಹೇಳಿದರು. ನಮಗೆ ಹೇಳಲೇ ಇಲ್ಲ.

ಈಗ ಎದುರು ಮಾತನ್ನೂ ಕೇಳೋಣ. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ನುಗ್ಗಿದ್ದನ್ನು ಕಣ್ಣಾರೆ ಕಂಡ ಪೋಲೆಂಡ್, ಫಿನ್ಲೆಂಡುಗಳಿಗೆ ವಿಮಾನವೇ ಬೇಡ ಎಂದು ಉಪದೇಶಿಸುವುದು ನಮ್ಮ ಕೆಲಸವಲ್ಲ. ಗಡಿಯಾಚೆ ಫಿರಂಗಿ ಗುಡುಗುವಾಗ ಮನೆಗೆ ಬಾಗಿಲು ಬೇಡವೆನ್ನುವವನು ಹುಚ್ಚ. ಆದರೆ ಬಾಗಿಲು ಬೇಕೆಂದ ಮಾತ್ರಕ್ಕೆ ಬಡಗಿ ಹೇಳಿದ ಬೆಲೆ ಕೊಡಬೇಕೆಂದಿಲ್ಲ. ಬೀಗದ ಕೈಯನ್ನು ಬಡಗಿಯೇ ಇಟ್ಟುಕೊಳ್ಳಲಿ ಎಂದೂ ಇಲ್ಲ. ಭಯ ಇರುವ ಕಾಲದಲ್ಲೇ ಲೆಕ್ಕದ ಪುಸ್ತಕ ಹೆಚ್ಚು ತೆರೆದಿರಬೇಕು. ಭಯವನ್ನು ಮುಂದೆ ಮಾಡಿ ಅದನ್ನು ಮುಚ್ಚುವವರೇ ಹೆಚ್ಚು.

ಈ ಹಣ ಎಲ್ಲಿಂದ ಬರುತ್ತದೆ? 2025ರ ಜೂನಿನಲ್ಲಿ ಹೇಗ್ ನಗರದಲ್ಲಿ ಸೇರಿದ ನ್ಯಾಟೋ ದೇಶಗಳು 2035ರೊಳಗೆ ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ ಐದರಷ್ಟನ್ನು ರಕ್ಷಣೆಗೂ ಅದಕ್ಕೆ ಹೊಂದಿದ ಕೆಲಸಗಳಿಗೂ ಎತ್ತಿಡುವುದಾಗಿ ಮಾತು ಕೊಟ್ಟವು. ಅಷ್ಟು ಹಣ ಆಕಾಶದಿಂದ ಉದುರುವುದಿಲ್ಲ. ಡೆನ್ಮಾರ್ಕಿನಲ್ಲಿ ಏನಾಯಿತು ನೋಡಿ. ಅಲ್ಲಿ 1686ರಿಂದ ನಡೆದುಬಂದ ‘ಮಹಾ ಪ್ರಾರ್ಥನಾ ದಿನ’ದ ರಜೆಯನ್ನು 2024ರಿಂದ ತೆಗೆದುಹಾಕಿದರು, ಜನ ಒಂದು ದಿನ ಹೆಚ್ಚು ದುಡಿದರೆ ಬರುವ ತೆರಿಗೆ ರಕ್ಷಣೆಯ ಖರ್ಚಿಗೆ ಒದಗಲಿ ಎಂದು. ಕಾರ್ಮಿಕ ಸಂಘಗಳ ಕರೆಗೆ ಸಾವಿರಾರು ಜನ ಕೋಪನ್‌ಹೇಗನ್ನಿನಲ್ಲಿ ಬೀದಿಗಿಳಿದರು, ಕೇಳಿದವರಿಲ್ಲ. ಇದನ್ನು ಮಾಡಿದ್ದು ಸೋಷಿಯಲ್ ಡೆಮೊಕ್ರಾಟ್ ಪ್ರಧಾನಿಯ ಸರ್ಕಾರವೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಕೆಂಪು ಬಾವುಟದಡಿಯಲ್ಲಿ ಆದದ್ದಕ್ಕೆ ಬೇರೆ ತಕ್ಕಡಿ ಇಲ್ಲ. ಫ್ರಾನ್ಸಿನಲ್ಲಿ 2025ರಲ್ಲಿ ಪ್ರಧಾನಿ ಬೇರು ಸೈನ್ಯದ ಖರ್ಚನ್ನು ಏರಿಸಿ, ಉಳಿದುದರಲ್ಲಿ ಉಳಿತಾಯ ಮಾಡಲು ಎರಡು ರಜೆಗಳನ್ನು ಕಳೆಯುವ ಸಲಹೆ ಮುಂದಿಟ್ಟರು. ಸೆಪ್ಟೆಂಬರಿನಲ್ಲಿ ಅವರ ಸರ್ಕಾರವೇ ಬಿದ್ದುಹೋಯಿತು.

ವಿಮಾನ ಕಟ್ಟಿದರೆ ಕೆಲಸ ಸಿಗುತ್ತದಲ್ಲ ಎಂಬ ಮಾತು ಕಾರ್ಮಿಕರ ಕಿವಿಗೆ ಇಂಪಾಗಿ ಕೇಳುತ್ತದೆ. ಸುಳ್ಳೇನಲ್ಲ. ಇಂಗ್ಲೆಂಡಿನ ವಾರ್ಟನ್ ಕಾರ್ಖಾನೆಯಲ್ಲಿ ಯುರೋಫೈಟರ್ ಜೋಡಿಸುವ ಕೆಲಸ ಬರಿದಾಗುತ್ತಿದೆಯೆಂದು ಕಾರ್ಮಿಕ ಸಂಘ ಕೂಗಿಕೊಂಡಿತ್ತು. 2025ರ ಅಕ್ಟೋಬರಿನಲ್ಲಿ ತುರ್ಕಿ 20 ವಿಮಾನ ಕೊಳ್ಳಲು ಒಪ್ಪಿದ ಮೇಲೆ ಉಸಿರು ಬಂತು. ಆದರೆ ಇದು ಎಂಥ ಬದುಕು? ಪರದೇಶದ ಸರ್ಕಾರವೊಂದು ಆಯುಧ ಕೊಂಡರೆ ಮನೆಯಲ್ಲಿ ಒಲೆ ಉರಿಯಬೇಕು, ಇಲ್ಲದಿದ್ದರೆ ಇಲ್ಲ. ಫ್ರಾನ್ಸಿನ ಕೆಲಸಗಾರನನ್ನೂ ಜರ್ಮನಿಯ ಕೆಲಸಗಾರನನ್ನೂ ಪಾಲಿನ ಜಗಳದಲ್ಲಿ ಎದುರುಬದುರು ನಿಲ್ಲಿಸಿ, ಧಣಿಗಳು ಇಬ್ಬರ ಹೆಸರಿನಲ್ಲೂ ಸರ್ಕಾರಗಳ ಬಾಗಿಲು ತಟ್ಟುತ್ತಾರೆ. ಕೆಲಸದ ಭರವಸೆ ಕರಾರಿನಲ್ಲಿ ಬರೆದಿರಬೇಕು, ಭಾಷಣದಲ್ಲಿದ್ದರೆ ಸಾಲದು.

ನಮ್ಮ ಅಭಿಪ್ರಾಯ ಇಷ್ಟು. ಯಾವ ವಿಮಾನ ಮೇಲು, ಯಾವುದು ಕೀಳು ಎಂಬುದನ್ನು ಹಾರಿಸುವವರು ಹೇಳಲಿ. ಆದರೆ ಎಷ್ಟು ಹಣಕ್ಕೆ, ಯಾವ ಷರತ್ತಿಗೆ, ಎಷ್ಟು ವರ್ಷದ ಅಡಿಯಾಳುತನಕ್ಕೆ ಎಂಬುದನ್ನು ಹೇಳಬೇಕಾದವರು ತೆರಿಗೆ ಕೊಡುವ ಜನ. ಒಪ್ಪಿಗೆ ಕೇಳುವ ಮುನ್ನ ವಿಮಾನದ ಹೆಸರನ್ನೂ ಅದರ ಆಯುಷ್ಯದ ಪೂರ್ತಿ ಖರ್ಚನ್ನೂ ಜನರ ಮುಂದಿಡಬೇಕು. ‘ಸ್ಥಿರ ಬೆಲೆ’ ಎಂದರೆ ಅದು ಮಾರುವವನ ಸಹಿಯಿರುವ ಕಾಗದದಲ್ಲಿರಬೇಕು. ಮಂತ್ರಿಯ ಬಾಯಲ್ಲಿದ್ದರೆ ಅದು ಬೆಲೆಯಲ್ಲ. ಬಿಡಿಭಾಗ ಮತ್ತು ಸಾಫ್ಟ್‌ವೇರಿನ ಮೇಲೆ ಕೊಂಡವನಿಗೆ ಯಾವ ಹಕ್ಕಿದೆ ಎಂಬುದನ್ನು ಪಾರ್ಲಿಮೆಂಟು ಓದಿ ನೋಡಬೇಕು. ಸೈನ್ಯದ ಗುಟ್ಟು ಬೇರೆ, ವ್ಯಾಪಾರದ ಗುಟ್ಟು ಬೇರೆ. ವಿಮಾನ ಎಷ್ಟು ದೂರ ನೋಡುತ್ತದೆ ಎಂಬುದನ್ನು ಮುಚ್ಚಿಡಿ, ಎಷ್ಟು ಹಣ ನುಂಗುತ್ತದೆ ಎಂಬುದನ್ನಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಒಂಬತ್ತು ಸಾವಿರ ಮತಗಳಿಗಿಂತ ಕಡಿಮೆ ಅಂತರದಲ್ಲಿ ತೀರ್ಮಾನವಾದ ವ್ಯವಹಾರ ಅಲ್ಲಿನ ಮೂವತ್ತು ವರ್ಷದ ಬಜೆಟ್ಟನ್ನು ಕಟ್ಟಿಹಾಕಿತು. ಅಷ್ಟು ಮತವೆಂದರೆ ನಮ್ಮ ಜಿಲ್ಲೆಯ ಒಂದು ಸಣ್ಣ ಊರಿನ ಮಾತು. ಆ ಜನರಿಗೆ ವಿಮಾನದ ಹೆಸರೂ ನಿಜವಾದ ಬೆಲೆಯೂ ಗೊತ್ತಿದ್ದರೆ ತೀರ್ಪು ಏನಾಗುತ್ತಿತ್ತೋ ಯಾರೂ ಹೇಳಲಾರರು. ಹಾಗೆ ಹೇಳಲಾಗದಂತೆ ಮಾಡಿದ್ದೇ ಅಲ್ಲಿ ನಡೆದ ಅನ್ಯಾಯ. ಅಂಥ ಕಾಗದ ನಾಳೆ ನಮ್ಮ ಮುಂದೆಯೂ ಬಂದೀತು. ಓದದೆ ಹೆಬ್ಬೆಟ್ಟು ಒತ್ತಬೇಡಿ ಎಂಬುದು ಸಾಲ ಮಾಡಿದ ಪ್ರತಿಯೊಬ್ಬ ಹಿರಿಯರೂ ತಮ್ಮ ಮಕ್ಕಳಿಗೆ ಹೇಳಿದ ಬುದ್ಧಿಮಾತು. ರಾಜ್ಯಗಳಿಗೂ ನಾವು ಹೇಳುವುದು ಅದನ್ನೇ.